ಎರಡಿಂಚು ಏರಿಸಿದ ಉಸ್ತಾದ್

ಶಿವಾಜಿನಗರದ ಆ ಗಲ್ಲಿಯಲ್ಲಿ ಹೋದ ತಿಂಗಳವರೆಗೂ ಬೆಳಿಗ್ಗೆ ಒಂಬತ್ತಕ್ಕೆಲ್ಲ ಎರಡು ಸುತ್ತಿಗೆಗಳ ಸದ್ದು ಶುರುವಾಗುತ್ತಿತ್ತು. ಮೊದಲು ಚಿಕ್ಕದು, ಟಿಣ್. ಅದರ ಹಿಂದೆಯೇ ದೊಡ್ಡದು, ಧಣ್. ಚಿಕ್ಕ ಸುತ್ತಿಗೆ ಉಸ್ತಾದರ ಕೈಯಲ್ಲಿರುತ್ತಿತ್ತು. ಎಲ್ಲಿ ಹೊಡೆಯಬೇಕು, ಎಷ್ಟು ಜೋರಾಗಿ ಹೊಡೆಯಬೇಕು ಎಂದು ತೋರಿಸುವುದಷ್ಟೇ ಅದರ ಕೆಲಸ. ದೊಡ್ಡ ಸುತ್ತಿಗೆ ಅವರ ಜೊತೆಗಾರರದು. ಅವರು ಹಲಸೂರಿನವರು, ತಮಿಳು ಮನೆಮಾತಿನವರು, ಎಲ್ಲರಿಗೂ ‘ಅಣ್ಣ’. ಚಿಕ್ಕ ಸುತ್ತಿಗೆ ಮುಟ್ಟಿದ ಜಾಗಕ್ಕೇ ಅಣ್ಣನ ಪೆಟ್ಟು ಬೀಳುತ್ತಿತ್ತು, ಒಂದು ಕೂದಲು ಆಚೆ ಈಚೆ ಆಗುತ್ತಿರಲಿಲ್ಲ. ಇಬ್ಬರೂ ಮೂವತ್ತು ವರ್ಷ ಒಂದೇ ಕಬ್ಬಿಣದ ಅಡಿಗಲ್ಲಿನ ಎದುರುಬದುರು ನಿಂತು ಕೆಲಸ ಮಾಡಿದವರು. ಒಬ್ಬರು ದಖ್ನಿ ಉರ್ದುವಿನಲ್ಲಿ ಬೈದರೆ ಇನ್ನೊಬ್ಬರು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಗಿರಾಕಿಗಳಾದ ನಮ್ಮ ಜೊತೆ ಮಾತ್ರ ಇಬ್ಬರದೂ ಕನ್ನಡ.

ಉಸ್ತಾದರದು ಪಟ್ಟಾ ಕೆಲಸ. ಪಟ್ಟಾ ಎಂದರೆ ಲಾರಿ, ಪಿಕಪ್ಪುಗಳ ಚಕ್ರದ ಬಳಿ ಒಂದರ ಕೆಳಗೊಂದು ಜೋಡಿಸಿರುವ ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಹೊತ್ತು ಹೊತ್ತು ಸುಸ್ತಾಗಿ ಚಪ್ಪಟೆಯಾದ ಪಟ್ಟಿಗಳನ್ನು ಬಿಚ್ಚಿ, ಬಡಿದು, ಮತ್ತೆ ಬಿಲ್ಲಿನಂತೆ ಬಾಗಿಸುವುದು ಅವರು ನಲವತ್ತೇಳು ವರ್ಷ ಮಾಡಿದ ಕೆಲಸ. ಈಗ ಅಂಗಡಿ ಮುಚ್ಚಿ ಕುಕ್ ಟೌನಿನಲ್ಲಿ ಮಗಳ ಮನೆ ಸೇರಿದ್ದಾರೆ. ಅವರ ಬಗ್ಗೆ ಬರೆಯಲು ನಾನು ಯಾರು ಎಂದು ಯಾರಾದರೂ ಕೇಳಬಹುದು. ನಾನು ಅವರ ಗಿರಾಕಿ. ಅವರ ಮಾತು ಕೇಳದೆ ಕೆಟ್ಟು, ಆಮೇಲೆ ಕೇಳಿ ಬದುಕಿದ ಗಿರಾಕಿ.

ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಅದನ್ನು ಬಿಟ್ಟು, ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಮಂಚ, ಗಾಲಿಕುರ್ಚಿ, ಆಕ್ಸಿಜನ್ ಸಿಲಿಂಡರುಗಳನ್ನು ಬಾಡಿಗೆಗೆ ಕೊಡುವ ಕೆಲಸ ಶುರುಮಾಡಿದವಳು ನಾನು. ಜೋಗುಪಾಳ್ಯದ ಮನೆಯಲ್ಲಿ ನನ್ನ ಗಂಡ ಫೋನು ನೋಡಿಕೊಳ್ಳುತ್ತಾರೆ. ಸೆಕೆಂಡ್ ಹ್ಯಾಂಡ್ ಪಿಕಪ್ಪನ್ನು ಓಡಿಸುವವಳು ನಾನೇ. ಕೆ.ಆರ್. ಪುರದ ಆಚೆ, ಕೆರೆಯ ತಗ್ಗಿನಲ್ಲಿ ಎದ್ದಿರುವ ಒಂದು ಲೇಔಟಿನಲ್ಲಿ ನನ್ನ ರೋಗಿಯೊಬ್ಬರಿದ್ದರು, ನಿವೃತ್ತರಾದ ಕನ್ನಡ ಮೇಡಂ. ಅವರಿಗೆ ಹಗಲೂ ರಾತ್ರಿ ಆಕ್ಸಿಜನ್ ಬೇಕು. ಕರೆಂಟ್ ಇರುವ ತನಕ ಮಂಚದ ಪಕ್ಕದ ಮಿಷನ್ನು ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುತ್ತದೆ. ಮಳೆ ಬಂದು ಲೇಔಟಿಗೆ ನೀರು ನುಗ್ಗಿದರೆ ಮೊದಲು ಹೋಗುವುದು ಕರೆಂಟು. ಆಗ ಸಿಲಿಂಡರೇ ಗತಿ. ಒಂದು ಮಳೆಗಾಲದಲ್ಲಿ ನನ್ನ ಪಿಕಪ್ಪು ಲೇಔಟಿನ ಬಾಯಲ್ಲೇ, ನೀರಿನಡಿ ಕಾಣದ ರೋಡ್ ಹಂಪಿಗೆ ಹೊಟ್ಟೆ ಉಜ್ಜಿಕೊಂಡು ನಿಂತು, ಇಂಜಿನ್ ಆರಿಹೋಯಿತು. ಸೊಂಟದುದ್ದ ನೀರಿನಲ್ಲಿ ಇಬ್ಬರು ಪುಣ್ಯಾತ್ಮರ ಜೊತೆ ಸಿಲಿಂಡರ್ ಹೊತ್ತು ನಡೆದೆ. ತಲುಪಿದಾಗ ಮೇಡಂ ತುಟಿ ನೀಲಿಯಾಗಿತ್ತು. ಅವತ್ತೇ ನಿಶ್ಚಯಿಸಿದೆ: ಮುಂದಿನ ಮಳೆಗಾಲದೊಳಗೆ ಗಾಡಿಯನ್ನು ಎತ್ತರ ಮಾಡಿಸಬೇಕು.

ಮೊದಲು ಮಾರತ್ತಹಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋದೆ. ಏಸಿ, ಗಾಜಿನ ಬಾಗಿಲು, ಬೆಟ್ಟ ಹತ್ತುವ ಜೀಪುಗಳ ಫೋಟೋಗಳು. ಹೊರದೇಶದಿಂದ ಬಂದ, ಗಾಡಿ ಏರಿಸುವ ಸಾಮಾನಿನ ಪೆಟ್ಟಿಗೆ ತೋರಿಸಿ ಅವರು ಹೇಳಿದ ಬೆಲೆಗೆ ನನ್ನ ಗಾಡಿಯ ಅರ್ಧವನ್ನೇ ಮಾರಬೇಕಿತ್ತು. ಹೊರಗೆ ಬಂದು ನಿಂತಾಗ ಅಲ್ಲಿದ್ದ ಒಬ್ಬ ಜಲ್ಲಿ ಲಾರಿಯ ಡ್ರೈವರ್ ಹೇಳಿದ: “ಶಿವಾಜಿನಗರಕ್ಕೆ ಹೋಗ್ರಕ್ಕಾ, ಪಟ್ಟಾ ಉಸ್ತಾದ್ ಅಂತ ಕೇಳಿ. ಆದ್ರೆ ಅವ್ರ ಎಡಗಡೆ ನಿಂತ್ಕೊಂಡು ಮಾತಾಡ್ಬೇಡಿ.”

ಯಾಕೆಂದು ಹೋದ ಮೇಲೆ ತಿಳಿಯಿತು. ಸುತ್ತಿಗೆಯ ಸದ್ದಿಗೆ ಅವರ ಎಡಗಿವಿ ಎಂದೋ ಹೋಗಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಬೂದು ಬಣ್ಣದ ಉದ್ದ ಕೋಟು, ಎದೆಜೇಬಿನಲ್ಲಿ ಸೀಮೆಸುಣ್ಣ, ತಲೆಗೆ ಬಿಳಿ ಟೋಪಿ. ನಾನು ನರ್ಸ್ ಆಗಿದ್ದೆ ಎಂದದ್ದೇ ತಡ, ನನಗೆ ‘ಸಿಸ್ಟರ್’ ಎಂದು ಹೆಸರಿಟ್ಟುಬಿಟ್ಟರು.

“ಎಷ್ಟು ಏರಿಸ್ಬೇಕು ಸಿಸ್ಟರ್?”

“ನಾಲ್ಕಿಂಚು ಉಸ್ತಾದ್.”

“ಕೈಕು?” ಯಾಕೆ ಎಂಬುದನ್ನು ಅವರು ಯಾವಾಗಲೂ ದಖ್ನಿಯಲ್ಲೇ ಕೇಳುತ್ತಿದ್ದರು.

ನೀರಿನ ಕಥೆ ಹೇಳಿದೆ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿದರು. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. “ದಿನಾ ಏನೇನ್ ಹಾಕ್ಕೊಂಡು ಹೋಗ್ತೀರೋ ಅದೆಲ್ಲಾ ಹಾಕ್ಕೊಂಡು ನಾಳೆ ಬನ್ನಿ. ಖಾಲಿ ಗಾಡಿ ನೋಡಿ ನಾವು ಏನೂ ಹೇಳಲ್ಲ,” ಎಂದು ಒಳಗೆ ಹೋದರು. ತಮ್ಮೊಬ್ಬರನ್ನೇ ಅವರು ‘ನಾವು’ ಎನ್ನುತ್ತಿದ್ದರು.

ಮರುದಿನ ಎರಡು ಮಂಚ, ಆರು ಸಿಲಿಂಡರ್ ಹಾಕಿಕೊಂಡು ಹೋದೆ. ಅವರು ಕುಕ್ಕುರುಗಾಲಲ್ಲಿ ಕೂತು, ಟೈರಿಗೂ ಅದರ ಮೇಲಿನ ತಗಡಿಗೂ ನಡುವಿನ ಜಾಗವನ್ನು ಬೆರಳುಗಳಿಂದ ಅಳೆದು, ನಾಲ್ಕೂ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದರು. ಎದ್ದು ನಿಂತು ಕೇಳಿದರು:

“ಸಿಲಿಂಡರ್ ಯಾವಾಗ್ಲೂ ಎಡಗಡೆನೇ ಇಡ್ತೀರಾ?”

ನನಗೆ ಆಶ್ಚರ್ಯವಾಯಿತು. ಫುಟ್‌ಪಾತ್ ಕಡೆಗೆ ಇಳಿಸಲು ಸುಲಭವೆಂದು ನಾಲ್ಕು ವರ್ಷದಿಂದ ಎಡಗಡೆಯೇ ಇಡುತ್ತಿದ್ದೆ. ಅದನ್ನು ನನ್ನ ಗಂಡನೂ ಗಮನಿಸಿರಲಿಲ್ಲ.

“ಎಡಗಡೆ ಒಂದು ಬೆರಳು ಜಾಸ್ತಿ ಕೂತಿದೆ. ಸಿಸ್ಟರ್, ನೀವು ಏರಿಸಿ ಅಂತೀರಿ. ಅದು ತನ್ನ ಎತ್ತರಾನೇ ಕಳ್ಕೊಂಡಿದೆ. ಮೊದ್ಲು ಅದನ್ನ ವಾಪಸ್ ಕೊಡೋಣ. ಆಮೇಲೆ ಒಂದು ಪಟ್ಟಾ ಜಾಸ್ತಿ ಹಾಕೋಣ. ಎಲ್ಲಾ ಸೇರಿ ಈಗಿರೋದಕ್ಕಿಂತ ಎರಡಿಂಚು. ಎಂಟು ದಿನದ ಕೆಲ್ಸ, ಗಾಡಿ ಬಿಟ್ಟು ಹೋಗಿ.”

“ನಾಲ್ಕಿಂಚು ಆಗಲ್ವಾ?”

“ನಕ್ಕೋ.” ಬೇಡ ಎಂದರೆ ಬೇಡ, ಅಷ್ಟೇ.

ಅವರು ಹೇಳಿದ ಬೆಲೆ ಮಾರತ್ತಹಳ್ಳಿಯ ಪೆಟ್ಟಿಗೆಯ ಎಂಟರಲ್ಲಿ ಒಂದು ಪಾಲೂ ಇರಲಿಲ್ಲ. ಆದರೂ ಆ ‘ಎಂಟು ದಿನ’ ನನಗೆ ಸರಿಹೋಗಲಿಲ್ಲ; ಗಾಡಿ ಬಿಡದೆ ವಾಪಸ್ ಬಂದೆ. ಆಕಾಶ ಆಗಲೇ ಕಪ್ಪಾಗುತ್ತಿತ್ತು. ಮೂರನೇ ದಿನ ಸಂಜೆ ಜೋರು ಮಳೆ ಬಂತು. ನಾಲ್ಕನೇ ದಿನ ಬೆಳಿಗ್ಗೆ ಕೆ.ಆರ್. ಪುರದ ರಸ್ತೆಬದಿಯ ವೆಲ್ಡಿಂಗ್ ಶಾಪೊಂದಕ್ಕೆ ಹೋದೆ. ಅಲ್ಲಿನ ವೆಲ್ಡರ್ ಬೆಲೆಯಲ್ಲಿ ಉಸ್ತಾದರಿಗಿಂತಲೂ ಅಗ್ಗ. ಮಧ್ಯಾಹ್ನದೊಳಗೆ ನಾಲ್ಕು ಚಕ್ರದ ಬಳಿಯೂ ಇಟ್ಟಿಗೆಯಂಥ ಕಬ್ಬಿಣದ ತುಂಡು ಸೇರಿಸಿ, ಉದ್ದನೆಯ ಬೋಲ್ಟು ಬಿಗಿದು, ಗಾಡಿಯನ್ನು ಪೂರಾ ನಾಲ್ಕಿಂಚು ಎತ್ತಿಕೊಟ್ಟ. ಸೀಟಿನಲ್ಲಿ ಕೂತರೆ ಬಸ್ಸಿನ ಡ್ರೈವರ್ ಆದಂತೆ ಅನಿಸಿತು. ಬುದ್ಧಿವಂತೆ ನಾನು ಎಂದುಕೊಂಡೆ.

ಆ ಬುದ್ಧಿವಂತಿಕೆ ಎರಡು ದಿನ ಬಾಳಿತು. ಸಿಲಿಂಡರ್ ತುಂಬಿಕೊಂಡು ಫ್ಲೈಓವರಿನಿಂದ ಇಳಿಯುತ್ತಿದ್ದೆ. ಮುಂದಿದ್ದ ಆಟೋ ಗಕ್ಕನೆ ನಿಂತಿತು. ಬ್ರೇಕ್ ಒತ್ತಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ. ಗಾಡಿ ತಿರುಗಿತು, ಆದರೆ ಮೈಯನ್ನು ಬಲಕ್ಕೆ ಚೆಲ್ಲಿತು. ಎಡಗಡೆಯ ಚಕ್ರಗಳು ನೆಲ ಬಿಟ್ಟವು. ಹಿಂದೆ ಸಿಲಿಂಡರ್ ಕಟ್ಟಿದ್ದ ಸರಪಳಿ ಬಿಗಿದ ಸದ್ದು ಕೇಳಿಸಿತು. ಒಂದು ಕ್ಷಣವೋ ಎರಡು ಕ್ಷಣವೋ ಗಾಡಿ ಹಾಗೇ ತೂಗಾಡಿ, ಧಡ್ ಎಂದು ಮತ್ತೆ ನಾಲ್ಕು ಚಕ್ರದ ಮೇಲೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಆಟೋದವನಿಗೆ ಹಿಂದೆ ಏನಾಯಿತೆಂದೂ ತಿಳಿಯಲಿಲ್ಲ. ನಾನು ಬದಿಗೆ ನಿಲ್ಲಿಸಿದೆ. ಉರುಳಿದ್ದರೆ ಪಕ್ಕದಲ್ಲಿ ಒಂದು ಸ್ಕೂಟರ್ ಇತ್ತು. ಅದರ ಮೇಲೆ ಅಮ್ಮ, ಮಗಳು.

ಅಲ್ಲಿಂದ ಇಪ್ಪತ್ತರ ವೇಗದಲ್ಲಿ ನೇರ ಶಿವಾಜಿನಗರಕ್ಕೆ ಬಂದೆ. ಉಸ್ತಾದ್ ಗಾಡಿಯನ್ನು ನೋಡಿದರು. ಬಗ್ಗಿ ಕೆಳಗೆ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಅವರು ಮೇಲೆದ್ದು ಕೇಳಿದ್ದು ಒಂದೇ ಮಾತು.

“ನಿಮಗೇನೂ ಆಗ್ಲಿಲ್ವಲ್ಲಾ?”

ನನಗೆ ಅಳು ಬಂದುಬಿಟ್ಟಿತು. ಅಣ್ಣ ಸ್ಟೂಲ್ ತಂದಿಟ್ಟರು, ಯಾರೋ ಟೀ ತಂದರು. ಉಸ್ತಾದ್ ಎದುರಿಗೆ ಕೂತು, ಕೋಟಿನ ತುದಿಯಿಂದ ಕೈ ಒರೆಸಿಕೊಳ್ಳುತ್ತ ಹೇಳಿದರು: “ತಪ್ಪು ನಮ್ದು ಸಿಸ್ಟರ್. ಎಂಟು ದಿನ ಅಂದ್ವಿ, ಕೈಕು ಅಂತ ಹೇಳ್ಲಿಲ್ಲ. ನಕ್ಕೋ ಅಂದ್ವಿ, ಕೈಕು ಅಂತ ಹೇಳ್ಲಿಲ್ಲ. ನೀವು ಡಾಕ್ಟ್ರ ಹತ್ರ ಕೆಲ್ಸ ಮಾಡಿದೋರು. ಕಾರಣ ಹೇಳ್ದೆ ಔಷಧಿ ಕೊಟ್ರೆ ರೋಗಿ ತಗೋತಾನಾ?”

ನನ್ನ ಆಸ್ಪತ್ರೆಯ ಅಷ್ಟು ವರ್ಷಗಳಲ್ಲಿ ಯಾವ ದೊಡ್ಡ ಡಾಕ್ಟರ ಬಾಯಲ್ಲೂ ಇಂಥ ಮಾತು ಕೇಳಿರಲಿಲ್ಲ.

ಅಂಗಡಿಯೊಳಗೆ ಒಂದು ಮರಳು ಲಾರಿಯ ಕೆಲಸ ಅರ್ಧಕ್ಕೆ ನಿಂತಿತ್ತು. ಉಸ್ತಾದ್ ಅದನ್ನು ಪಕ್ಕಕ್ಕೆ ಸರಿಸಿ ನನ್ನ ಗಾಡಿ ಹಿಡಿದರು. ಲಾರಿಯ ಮಾಲೀಕ ಕೂಗಾಡಿದ. “ನಿಮ್ಮ ಮರಳು ಕಾಯುತ್ತೆ ಸಾಬ್, ಇವ್ರ ಗಾಡಿಗೆ ಕಾಯ್ತಿರೋರು ಉಸಿರಾಡ್ಬೇಕು,” ಎಂದರು ಉಸ್ತಾದ್. ಮಾಲೀಕ ತಾನೂ ಒಂದು ಸ್ಟೂಲ್ ಎಳೆದುಕೊಂಡು ಕೂತ.

ಆಮೇಲಿನ ಮೂರು ದಿನ ನನಗೆ ಪಾಠ. ಸೀರೆಯ ಬದಲು ಹಳೆಯ ಚೂಡಿದಾರ ಹಾಕಿಕೊಂಡು, ಗೋಣಿಚೀಲದ ಮೇಲೆ ಗಾಡಿಯ ಕೆಳಗೆ ಮಲಗಿದೆ. ಅವರು ಟಾರ್ಚ್ ಹಿಡಿದು ಒಂದೊಂದನ್ನೇ ತೋರಿಸಿದರು. ಕಬ್ಬಿಣದ ತುಂಡು ಇಟ್ಟರೆ ಗಾಡಿ ಎತ್ತರ ಆಗುತ್ತದೆ, ಆದರೆ ಸುಸ್ತಾದ ಪಟ್ಟಾ ಸುಸ್ತಾಗಿಯೇ ಇರುತ್ತದೆ, ಅದರ ಮೇಲೆ ಭಾರ ಇನ್ನೂ ಮೇಲಕ್ಕೆ ಹೋಗುತ್ತದೆ. ಎತ್ತರ ಹೆಚ್ಚಾದಷ್ಟೂ ಬ್ರೇಕಿನ ರಬ್ಬರ್ ಪೈಪು ಎಳೆದುಕೊಳ್ಳುತ್ತದೆ. ನನ್ನದು ತಂತಿಯಂತೆ ಬಿಗಿದು ನಿಂತಿತ್ತು. ಇನ್ನೊಂದು ಹಳ್ಳ ಹಾರಿದ್ದರೆ ಕಿತ್ತೇ ಹೋಗುತ್ತಿತ್ತು. ಆ ತುಂಡುಗಳನ್ನೆಲ್ಲ ಬಿಚ್ಚಿ ಎಸೆದರು. ಎಂಟು ದಿನ ಯಾಕೆಂದೂ ಹೇಳಿದರು: ಗ್ಯಾಸ್ ಬೆಂಕಿ ತೋರಿಸಿದರೆ ಪಟ್ಟಾ ಒಂದೇ ಗಂಟೆಯಲ್ಲಿ ಬಾಗುತ್ತದೆ, ಆದರೆ ಉಕ್ಕಿನ ಜೀವ ಹೋಗುತ್ತದೆ. ತಣ್ಣಗೇ ಇಟ್ಟು, ಬೆರಳಗಲ ಬೆರಳಗಲವಾಗಿ ಬಡಿಯಬೇಕು. ಎಂಟು ದಿನದ ಆ ಕೆಲಸವನ್ನು ಮೂರಕ್ಕೆ ಮುಗಿಸಲು ಅಣ್ಣ ಊಟಕ್ಕೆ ಬಿಟ್ಟರೆ ಸುತ್ತಿಗೆ ಕೆಳಗಿಡಲಿಲ್ಲ.

ಹೊಸದಾಗಿ ಸೇರಿಸಬೇಕಿದ್ದ ಪಟ್ಟಿ ಸ್ಪೇರ್‌ಪಾರ್ಟ್ಸ್ ಅಂಗಡಿಯಿಂದ ಬಂದಾಗ ಉಸ್ತಾದ್ ಅದನ್ನು ನೇತುಹಾಕಿ, ಚಿಕ್ಕ ಸುತ್ತಿಗೆಯಿಂದ ತಟ್ಟಿ, ಅಂಗೈ ಇಟ್ಟು ಕಣ್ಣುಮುಚ್ಚಿದರು. “ವಾಪಸ್ ಕಳ್ಸಿ,” ಎಂದರು. ನನ್ನ ಕಣ್ಣಿಗೆ ಅದು ಹೊಳೆಯುತ್ತಿದ್ದ ಹೊಸ ಉಕ್ಕು. ಎರಡನೆಯದು ಬಂತು. ತಟ್ಟಿ, ನನ್ನ ಕೈ ಹಿಡಿದು ಅದರ ಮೇಲೆ ಇಟ್ಟರು. ಅಂಗೈಯಲ್ಲಿ ಜೇನುಹುಳು ಗುಂಯ್‌ಗುಟ್ಟಿದಂತೆ ಬಹಳ ಹೊತ್ತು ನಡುಗುತ್ತಲೇ ಇತ್ತು. “ಮೊದಲ್ನೇದು ಬೇಗ ಸುಮ್ಮನಾಯ್ತು. ಒಳಗೆಲ್ಲೋ ಬಿರುಕಿದೆ. ಕಿವಿ ಹೋದ್ರೆ ಏನಂತೆ, ಕೈ ಇದ್ಯಲ್ಲಾ.” ಇದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಜಂಬವಲ್ಲ. ತನ್ನ ಕೈಯನ್ನು ತಾನು ನಂಬಬಲ್ಲೆ ಎಂಬ ಸಮಾಧಾನ.

ಕೊನೆಗೆ ಇಂಜಿನ್ನಿನ ಬಾನೆಟ್ ತೆಗೆದು ಇನ್ನೊಂದು ತೋರಿಸಿದರು. ಇಂಜಿನ್ನಿಗೆ ಗಾಳಿ ಹೋಗುವ ಪೈಪಿನ ಕ್ಲಿಪ್ಪು ಮುರಿದು, ಅದರ ಬಾಯಿ ಕೆಳಕ್ಕೆ ಜೋತುಬಿದ್ದಿತ್ತು. “ಹೋದ ಸಲ ಗಾಡಿ ನಿಂತಿದ್ದು ಇದಕ್ಕೇ. ನೀರು ಕುಡೀತು. ಇದನ್ನ ಎತ್ತಿ ಕಟ್ಟೋದಕ್ಕೆ ಏರಿಸೋ ಕೆಲ್ಸಾನೇ ಬೇಡ.” ಒಂದು ಪುಟ್ಟ ಕ್ಲಿಪ್ ಹಾಕಿ ಎತ್ತಿ ಕಟ್ಟಿದರು. ಎದುರಿನವರ ಕಣ್ಣಿಗೆ ಹೊಡೆಯದಂತೆ ಹೆಡ್‌ಲೈಟನ್ನು ಸ್ವಲ್ಪ ತಗ್ಗಿಸಿದರು. ಬಾಗಿಲ ಕೆಳಗೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದು, “ನೀರು ಇದನ್ನ ಮುಟ್ಟಿದ್ರೆ ನಿಲ್ಸಿ. ಏರಿಸಿದ್ವಿ ಅಂತ ಗಾಡಿ ದೋಣಿ ಆಗಲ್ಲ,” ಎಂದರು.

ಹದಿನೈದು ದಿನಕ್ಕೆ ಆ ದೊಡ್ಡ ಮಳೆ ಬಂತು. ಬೆಳಿಗ್ಗೆ ಏಳಕ್ಕೆ ಮೇಡಂ ಮಗಳ ಫೋನು: “ಕರೆಂಟ್ ಹೋಗಿ ಮೂರು ಗಂಟೆ ಆಯ್ತು. ಸಿಲಿಂಡರ್ ಮುಳ್ಳು ಕೆಂಪಿಗೆ ಬರ್ತಿದೆ ಅಕ್ಕ.” ಹೊರಡುವಾಗ ಉಸ್ತಾದರಿಗೆ ಒಂದು ಮಾತು ಹೇಳೋಣ ಎಂದು ಫೋನ್ ಮಾಡಿದೆ. “ಹಲಸೂರ್ ಕೆರೆ ಹತ್ರ ನಿಲ್ಸಿ, ನಾವೂ ಬರ್ತೀವಿ,” ಎಂದರು. ಬೇಡವೆಂದರೂ ಕೇಳಲಿಲ್ಲ. ಛತ್ರಿ ಹಿಡಿದು ಫುಟ್‌ಪಾತಿನಲ್ಲಿ ನಿಂತಿದ್ದರು.

ಲೇಔಟಿನ ಬಾಯಲ್ಲಿ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ದಪ್ಪ ಟೈರಿನ ಎತ್ತರದ ಹೊಸ ಗಾಡಿಯೊಂದು ಮಧ್ಯದಲ್ಲೇ ಆರಿಹೋಗಿತ್ತು. ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಒಂದೂ ತಿಳಿಯದ ಕಂದು ನೀರು. ನಾನು ಗೇರ್ ಮೇಲೆ ಕೈ ಇಟ್ಟು ಹಿಂಜರಿದೆ. ಉಸ್ತಾದ್ ಚಪ್ಪಲಿ ಕಳಚಿ ಸೀಟಿನ ಕೆಳಗಿಟ್ಟರು, ಪೈಜಾಮ ತೊಡೆಯವರೆಗೆ ಮಡಚಿದರು, ಇಳಿದರು. ಬೇಲಿಯಿಂದ ಒಂದು ಬಿದಿರಿನ ಗಳ ಕಿತ್ತುಕೊಂಡು ಗಾಡಿಯ ಮುಂದೆ ನೀರಿನಲ್ಲಿ ನಡೆಯತೊಡಗಿದರು.

“ಉಸ್ತಾದ್, ಹತ್ಕೊಳ್ಳಿ! ಚರಂಡಿ ಮುಚ್ಚಳ ತೆಗ್ದಿರುತ್ತೆ!”

ಅವರಿಗೆ ಕೇಳಿಸಲಿಲ್ಲವೋ, ಎಡಗಿವಿ ನನ್ನ ಕಡೆ ಇದ್ದುದನ್ನೇ ನೆಪ ಮಾಡಿಕೊಂಡರೋ. ಪ್ರತಿ ಹೆಜ್ಜೆಗೂ ಗಳವನ್ನು ಮುಂದೆ ಚುಚ್ಚಿ ನೋಡಿ, ಕೈ ಎತ್ತಿ ‘ಬನ್ನಿ’ ಎನ್ನುತ್ತಿದ್ದರು. ಒಂದು ಕಡೆ ಗಳ ಅರ್ಧಕ್ಕೆ ಇಳಿಯಿತು. ಕೂಡಲೇ ಬಲಕ್ಕೆ ಸರಿದು ಇನ್ನೊಂದು ದಾರಿ ಹುಡುಕಿದರು. ನಾನು ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಬಿಡದೆ, ಅವರ ಬೆನ್ನನ್ನೇ ನೋಡುತ್ತ ಹೋದೆ. ನಡುವೆ ಒಮ್ಮೆ ಬಾಗಿಲು ತೆರೆದು ಬಗ್ಗಿ ನೋಡಿದೆ. ನೀರು ಬಿಳಿಗೆರೆಗೆ ನಾಲ್ಕು ಬೆರಳು ಕೆಳಗಿತ್ತು. ಹೋದ ಸಲ ಹೊಟ್ಟೆ ಉಜ್ಜಿದ್ದ ಹಂಪು ಬಂತು. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನದು ಹತ್ತಿತು, ಇಳಿಯಿತು. ಏನೂ ತಗುಲಲಿಲ್ಲ. ಗಾಡಿ ಓಲಾಡಲಿಲ್ಲ. ಮಹಡಿಗಳಲ್ಲಿ ನಿಂತಿದ್ದ ಜನ ಶಿಳ್ಳೆ ಹೊಡೆದರು. ಉಸ್ತಾದ್ ಹಿಂತಿರುಗಿ ನೋಡಿದ್ದು ಜನರನ್ನಲ್ಲ, ಚಕ್ರವನ್ನು.

ಹೊಸ ಸಿಲಿಂಡರ್ ಜೋಡಿಸಿ ಐದು ನಿಮಿಷಕ್ಕೆ ಮೇಡಂ ಉಗುರುಗಳಿಗೆ ಬಣ್ಣ ಬಂತು. ಒದ್ದೆ ಬಟ್ಟೆಯಲ್ಲಿದ್ದೇನೆ ಎಂದು ಉಸ್ತಾದ್ ಬಾಗಿಲಾಚೆಯೇ ನಿಂತಿದ್ದರು. ಮೇಡಂ ಮೂಗಿನ ನಳಿಕೆ ಸರಿಮಾಡಿಕೊಂಡು, “ಅವರು ಯಾರು? ಒಳಗೆ ಕರೀರಿ,” ಎಂದರು.

“ಇವ್ರೇ ಮೇಡಂ, ಗಾಡಿ ಏರಿಸಿದೋರು.”

“ಕನ್ನಡ ಬರುತ್ತಾ ನಿಮಗೆ?”

“ಮಾತು ಬರುತ್ತೆ ಅಮ್ಮಾ. ಓದೋದು ನಿಧಾನ. ಸ್ಕೂಲಲ್ಲಿ ಕಲ್ತಿಲ್ಲ. ಲಾರಿ ಹಿಂದೆ ಬರ್ದಿರ್ತಾರಲ್ಲಾ, ಅದನ್ನ ನೋಡಿ ನೋಡಿ ಕಲ್ತಿದ್ದು.”

“ಲಾರಿ ಹಿಂದೆ!” ಮೇಡಂ ಕಣ್ಣು ಅರಳಿತು. “ಮೊದಲು ಓದಿದ್ದು ಏನು?”

“‘ತಾಯಿಯ ಆಶೀರ್ವಾದ’. ಆಮೇಲೆ ‘ಅಂತರವಿರಲಿ’. ‘ಆಶೀರ್ವಾದ’ ಓದೋಕೆ ನಮಗೆ ಒಂದು ತಿಂಗ್ಳು ಆಯ್ತು. ಆ ರಕಾರ ಕೊನೇಲಿ ಕೂತಿರುತ್ತೆ, ಮೊದ್ಲು ಓದ್ಬೇಕು. ಕೈಕು ಅಂತ ಯಾರೂ ಹೇಳ್ಲಿಲ್ಲ.”

ಮೇಡಂ ನಕ್ಕರು. ನಕ್ಕು ಕೆಮ್ಮಿದರು, ಮಗಳು ಗಾಬರಿಯಾದಳು. ಅವರು ಕೈ ಅಡ್ಡ ಮಾಡಿ, ಮೂವತ್ತೈದು ವರ್ಷ ಪಾಠ ಹೇಳಿದ ಗತ್ತಿನಲ್ಲಿ, “ಕೂತ್ಕೊಳ್ಳಿ, ಹೇಳ್ತೀನಿ,” ಎಂದು ಆ ಅರ್ಕಾವೊತ್ತು ಯಾಕೆ ಹಾಗೆ ಕೂತಿದೆಯೆಂದು ವಿವರಿಸಿದರು. ಹೊರಗೆ ಮಳೆ ಸುರಿಯುತ್ತಿತ್ತು. ಉಸ್ತಾದ್ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಬಲಗಿವಿ ಮುಂದೆ ಮಾಡಿ, ಪಾಠ ಕೇಳಿದರು.

ವಾಪಸ್ಸು ಬರುವಾಗ ಉಸ್ತಾದ್ ಹಲಸೂರು ಕೆರೆಯ ಬಳಿ ಇಳಿಯುವ ಮೊದಲು ಹೇಳಿದರು: “ಇಷ್ಟು ವರ್ಷ ಕಲ್ಲಿನ ಲಾರಿ ಏರಿಸಿದ್ವಿ, ಮರಳಿನ ಲಾರಿ ಏರಿಸಿದ್ವಿ. ಗಲ್ಲಿ ದಾಟಿದ್ಮೇಲೆ ಎಲ್ಲಿ ಹೋಗುತ್ತೆ ಅಂತ ಒಂದ್ಸಲಾನೂ ನೋಡಿರ್ಲಿಲ್ಲ ಸಿಸ್ಟರ್. ಇವತ್ತು ನೋಡಿದ್ವಿ.”

ಮೇಡಂ ಮತ್ತೆ ಎರಡು ಮಳೆಗಾಲ ಬದುಕಿದರು. ಒಮ್ಮೆಯೂ ಸಿಲಿಂಡರ್ ತಡವಾಗಲಿಲ್ಲ. ಹೀಗೆ ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ. ಆ ಹೆಮ್ಮೆಯ ದೊಡ್ಡ ಪಾಲು ಯಾರದೆಂದೂ ಗೊತ್ತು.

ಭುಜ ಮಾತು ಕೇಳುವುದಿಲ್ಲವೆಂದು ಉಸ್ತಾದ್ ಹೋದ ತಿಂಗಳು ಅಂಗಡಿ ಮುಚ್ಚಲು ನಿರ್ಧರಿಸಿದರು. ಯಾರಿಗೂ ಹೇಳಿರಲಿಲ್ಲ. ಅಣ್ಣ ಮಾತ್ರ ಒಬ್ಬ ಡ್ರೈವರಿಗೆ ಹೇಳಿದ್ದರಂತೆ. ಸುದ್ದಿ ಹರಡಿ, ಅಂಗಡಿ ಮುಚ್ಚುವ ಭಾನುವಾರ ನಾನು ಹೋದಾಗ ಗಲ್ಲಿಯಿಂದ ದೊಡ್ಡ ರಸ್ತೆಯವರೆಗೆ ಗಾಡಿಗಳು ಸಾಲಾಗಿ ನಿಂತಿದ್ದವು. ಟಿಪ್ಪರು, ಹಾಲಿನ ವ್ಯಾನು, ಶಾಮಿಯಾನದ ಲಾರಿ, ಒಂದು ಶಾಲೆಯ ಬಸ್ಸು. ಭಾಷಣವಿಲ್ಲ, ಹಾರವಿಲ್ಲ. ಡ್ರೈವರುಗಳು ತಮ್ಮ ತಮ್ಮ ಗಾಡಿಯ ಪಕ್ಕ ನಿಂತಿದ್ದರು. ಉಸ್ತಾದ್ ಸಾಲಿನ ಉದ್ದಕ್ಕೂ ನಡೆದು, ಪ್ರತಿ ಗಾಡಿಯ ಚಕ್ರದ ಬಳಿ ಬಗ್ಗಿ ಪಟ್ಟಾ ಮುಟ್ಟಿ ನೋಡಿದರು. ಟಿಪ್ಪರಿನವನಿಗೆ ಜಾಸ್ತಿ ಭಾರ ಹಾಕುತ್ತೀಯಾ ಎಂದು ಗದರಿದರು. ಹಾಲಿನವನ ಬೆನ್ನು ತಟ್ಟಿದರು. ನನ್ನ ಗಾಡಿಯ ಬಳಿ ಬಂದಾಗ, ತಮ್ಮನ್ನು ಕರೆದೊಯ್ಯಲು ಬಂದಿದ್ದ ಮಗಳನ್ನು ಕರೆದು ತೋರಿಸಿ ಹೇಳಿದರು: “ಇದು ಸಿಸ್ಟರ್ ಗಾಡಿ. ಇದು ಎಲ್ಲಿ ಹೋಗುತ್ತೆ ಅಂತ ನಮಗೆ ಗೊತ್ತು.”

ಮಗಳು ಕಾರು ತಂದಿದ್ದಳು. ಉಸ್ತಾದ್ ಕೋಟು ಬಿಚ್ಚಿ ಅಣ್ಣನ ಕೈಗೆ ಕೊಟ್ಟು, ಅಣ್ಣನನ್ನು ಒಮ್ಮೆ ಬಿಗಿದಪ್ಪಿ, “ಕಾರು ಬೇಡ, ನಾವು ಇದ್ರಲ್ಲಿ ಬರ್ತೀವಿ,” ಎಂದು ನನ್ನ ಪಿಕಪ್ಪಿನ ಬಾಗಿಲು ತೆಗೆದರು. ಒಂದು ಕಾಲು ಎತ್ತಿ ಮೆಟ್ಟಿಲ ಮೇಲೆ ಇಟ್ಟರು. ಮಂಡಿ ಮೇಲೇಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ನಾನು ಕೈ ಚಾಚಿದೆ, ಹಿಡಿಯಲಿಲ್ಲ. ಗಲ್ಲಿಯೆಲ್ಲ ನೋಡುತ್ತಿತ್ತು. ಅವರು ಮೆಟ್ಟಿಲನ್ನು ನೋಡಿದರು, ಚಕ್ರವನ್ನು ನೋಡಿದರು, ಆಮೇಲೆ ಸುತ್ತ ನಿಂತಿದ್ದ ಡ್ರೈವರುಗಳ ಕಡೆ ತಿರುಗಿ, ಇಡೀ ಗಲ್ಲಿಗೆ ಕೇಳುವಂತೆ ಗದರಿದರು:

“ಯಾವನ್ರೀ ಅವ್ನು, ಇದನ್ನ ಇಷ್ಟು ಎತ್ತರ ಮಾಡಿದ್ದು?”